ಆರು ವರ್ಷ ಗಣಿತ ಪಾಠ ಮಾಡಿದವರಿಗೆ ಹಣಕಾಸು ಕ್ಷೇತ್ರದಲ್ಲಿ ಕೆಲಸ ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ನೀವು ಬಿ.ಎಸ್ಸಿ., ಬಿ.ಎಡ್. ಮುಗಿಸಿ ರಾಜಾಜಿನಗರದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಆರು ವರ್ಷಗಳಿಂದ ಗಣಿತ ಕಲಿಸುತ್ತಿದ್ದೀರಿ, ವಯಸ್ಸು 31, ವಾಣಿಜ್ಯ ಓದಿದವರಲ್ಲ. ಹಣಕಾಸು ಸೇವಾ ಕ್ಷೇತ್ರಕ್ಕೆ ಬರುವುದಾದರೆ ಈ ಆರು ವರ್ಷಗಳ ಅನುಭವ ಲೆಕ್ಕಕ್ಕೆ ಬರುತ್ತದೆಯೇ, ಎಂಬಿಎ ಮಾಡಬೇಕೇ, ಇಲ್ಲವೇ ಹೂಡಿಕೆ ವಿಶ್ಲೇಷಕರ ಅರ್ಹತೆಯಾದ ಸಿಎಫ್‌ಎ ಪರೀಕ್ಷೆಗೆ ಕೂರಬೇಕೇ ಎಂದು ಕೇಳಿದ್ದೀರಿ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳುವುದಕ್ಕಿಂತ ನೇರವಾಗಿಯೇ ಹೇಳುತ್ತೇನೆ: ಅನುಭವ ಲೆಕ್ಕಕ್ಕೆ ಬರುತ್ತದೆ, ಎಂಬಿಎ ಈಗ ಬೇಡ, ಸಿಎಫ್‌ಎ ಸದ್ಯಕ್ಕೆ ಬೇಡವೇ ಬೇಡ. ಮೊದಲು ಯಾವ ಮೇಜಿನ ಮುಂದೆ ಕೂರಬೇಕೆಂದು ನಿಶ್ಚಯಿಸಿ, ಆ ಮೇಜಿಗೆ ಯಾವ ಪರೀಕ್ಷೆ ಬೇಕೋ ಅದೊಂದನ್ನೇ ಬರೆಯಿರಿ. ಬಹಳ ಜನ ಇದನ್ನು ತಿರುವುಮುರುವಾಗಿ ಮಾಡಿ ಎರಡು ವರ್ಷವನ್ನೂ ಲಕ್ಷಾಂತರ ರೂಪಾಯಿಯನ್ನೂ ಕಳೆದುಕೊಳ್ಳುವುದನ್ನು ಕಂಡಿದ್ದೇನೆ.

ನಾನೂ ಹೊರಗಿನಿಂದ ಬಂದವನೇ. ಮೆಜೆಸ್ಟಿಕ್ ಬಳಿಯ ಒಂದು ಮಧ್ಯಮ ದರ್ಜೆಯ ಹೋಟೆಲಿನಲ್ಲಿ ನಾಲ್ಕು ವರ್ಷ ರಾತ್ರಿ ಪಾಳಿಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಕೊಠಡಿ ಬಾಡಿಗೆ, ಊಟದ ಬಿಲ್ಲು, ಲಾಂಡ್ರಿ, ಕಾರ್ಡ್ ಯಂತ್ರದ ಚೀಟಿಗಳು, ಗಲ್ಲಾದ ನಗದು ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು; ಆಗದಿದ್ದರೆ ಆ ದಿನದ ಲೆಕ್ಕವನ್ನು ಮುಚ್ಚುವಂತಿಲ್ಲ. ಒಮ್ಮೆ 63 ರೂಪಾಯಿ ಕಡಿಮೆ ಬಂತು. ಜೇಬಿನಿಂದ ಹಾಕಿ ಮುಗಿಸುತ್ತೇನೆ ಎಂದೆ. ಉಡುಪಿ ಕಡೆಯ ಹಿರಿಯ ಕ್ಯಾಷಿಯರ್ ಒಬ್ಬರಿದ್ದರು. ಅವರು ತಲೆಯನ್ನೂ ಎತ್ತದೆ, "ಒಂಬತ್ತರಿಂದ ಭಾಗಿಸಿ ನೋಡು ಮಾರಾಯ" ಎಂದರು. 63 ಒಂಬತ್ತರಿಂದ ಭಾಗವಾಗುತ್ತದೆ, ಹಾಗಿದ್ದರೆ ಎಲ್ಲೋ ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿರಬಹುದು ಎಂಬುದು ಅವರ ತರ್ಕ. ಹುಡುಕಿದಾಗ 1,318 ರೂಪಾಯಿಯ ಊಟದ ಬಿಲ್ಲನ್ನು ಯಾರೋ 1,381 ಎಂದು ನಮೂದಿಸಿದ್ದುದು ಸಿಕ್ಕಿತು. ಇದು ಏಕೆ ಹಾಗಾಗುತ್ತದೆ ಎಂಬುದನ್ನು ಗಣಿತ ಕಲಿಸುವ ನಿಮಗೆ ನಾನು ವಿವರಿಸಬೇಕಾಗಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ನೀವೇ ಅದನ್ನು ಬೋರ್ಡಿನ ಮೇಲೆ ಬರೆದು ತೋರಿಸಿರುತ್ತೀರಿ.

ಕೆಲವು ತಿಂಗಳ ನಂತರ ಹೊರವರ್ತುಲ ರಸ್ತೆಯ ಒಂದು ಕಚೇರಿಯಲ್ಲಿ ಫಂಡ್ ಅಕೌಂಟಿಂಗ್ (ಹೂಡಿಕೆ ನಿಧಿಗಳ ಲೆಕ್ಕ ಇಡುವ) ಹುದ್ದೆಗೆ ಸಂದರ್ಶನಕ್ಕೆ ಹೋದೆ. ನಮ್ಮ ಪುಸ್ತಕಕ್ಕೂ ಬ್ಯಾಂಕು ಕಳಿಸಿದ ಪಟ್ಟಿಗೂ ವ್ಯತ್ಯಾಸ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. ನನಗೆ ಎನ್‌ಎವಿ (ನಿಧಿಯ ಒಂದು ಯೂನಿಟ್ಟಿನ ಬೆಲೆ) ಎಂದರೆ ಏನೆಂದು ಕೂಡ ಆಗ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದ ಆ 63 ರೂಪಾಯಿಯ ಕಥೆಯನ್ನು ಹೇಳಿದೆ. ಕೆಲಸ ಸಿಕ್ಕಿತು. ಸಂಬಳ ಹೋಟೆಲಿನದಕ್ಕಿಂತ ಹೆಚ್ಚೇನೂ ಇರಲಿಲ್ಲ, ಆದರೆ ಏರುವ ದಾರಿ ಇತ್ತು. ಈಗ ಸಂದರ್ಶನ ಮಾಡುವವರ ಸಾಲಿನಲ್ಲಿ ನಾನೂ ಕೂರುತ್ತೇನೆ, ಆ ಕಾರಣಕ್ಕೇ ಇಷ್ಟು ವಿವರವಾಗಿ ಬರೆಯುವ ಧೈರ್ಯ ಮಾಡುತ್ತಿದ್ದೇನೆ.

ಬೆಂಗಳೂರಿನಲ್ಲಿ ಹಣಕಾಸು ಕ್ಷೇತ್ರ ಎಂದಾಗ ಜನರ ಕಣ್ಣಿಗೆ ಬರುವುದು ಬ್ಯಾಂಕಿನ ಶಾಖೆ, ಏಕೆಂದರೆ ನಮ್ಮದು ಬ್ಯಾಂಕುಗಳನ್ನು ಹುಟ್ಟುಹಾಕಿದ ನಾಡು, ಜೆ.ಸಿ. ರಸ್ತೆಯ ಕೆನರಾ ಬ್ಯಾಂಕ್ ಪ್ರಧಾನ ಕಚೇರಿಯ ಮುಂದೆ ಬಸ್ಸಿನಲ್ಲಿ ಹಾದುಹೋಗದವರಿಲ್ಲ. ಆದರೆ ಸರ್ಕಾರಿ ಬ್ಯಾಂಕುಗಳ ಬಾಗಿಲು ನಿಮಗೆ ಬಹುಮಟ್ಟಿಗೆ ಮುಚ್ಚಿದೆ. ಐಬಿಪಿಎಸ್ ನಡೆಸುವ ಪ್ರೊಬೇಷನರಿ ಆಫೀಸರ್ ಪರೀಕ್ಷೆಗೆ ಸಾಮಾನ್ಯ ವರ್ಗದವರ ಗರಿಷ್ಠ ವಯಸ್ಸು 30, ಗುಮಾಸ್ತರ ಹುದ್ದೆಗೆ 28. ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ ಇದೆ. ಅದು ನಿಮಗೆ ಅನ್ವಯಿಸುವುದಾದರೆ ತಡ ಮಾಡದೆ ಅರ್ಜಿ ಹಾಕಿ, ಗಣಿತದವರಿಗೆ ಆ ಪರೀಕ್ಷೆಯ ಅರ್ಧ ಭಾಗ ನೀರು ಕುಡಿದಷ್ಟು ಸುಲಭ. ಅನ್ವಯಿಸದಿದ್ದರೆ ಅದರ ಹಿಂದೆ ಬೀಳಬೇಡಿ.

ಉಳಿದದ್ದು ಕಡಿಮೆಯೇನಲ್ಲ. ಮಾನ್ಯತಾ ಟೆಕ್ ಪಾರ್ಕ್, ಹೊರವರ್ತುಲ ರಸ್ತೆ, ದೊಮ್ಮಲೂರಿನ ಕಡೆಯ ದೊಡ್ಡ ಆವರಣಗಳಲ್ಲಿ ವಿದೇಶಿ ಬ್ಯಾಂಕುಗಳ ಮತ್ತು ಹೂಡಿಕೆ ಸಂಸ್ಥೆಗಳ ಹಿಂಬದಿಯ ಕೆಲಸ ನಡೆಯುತ್ತದೆ. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲೇ ಇಲ್ಲಿ ಕಚೇರಿ ತೆರೆಯಿತು. ಇನ್ನೊಂದು ಕಡೆ ಷೇರು ದಲ್ಲಾಳಿ ಸಂಸ್ಥೆಗಳು, ಮೊಬೈಲಿನಲ್ಲೇ ಸಾಲ ಮತ್ತು ಹೂಡಿಕೆ ಮಾಡಿಸುವ ಹೊಸ ಕಂಪನಿಗಳಿವೆ. 2010ರಲ್ಲಿ ಶುರುವಾದ ಜೆರೋಧಾ ನಮ್ಮ ಊರಿನದೇ. ಕಿರು ಹಣಕಾಸು ಬ್ಯಾಂಕುಗಳು, ವಿಮಾ ಕಂಪನಿಗಳು, ಮ್ಯೂಚುವಲ್ ಫಂಡ್ ವಿತರಕರು ಬೇರೆ. ಈ ಒಂದೊಂದು ಕಡೆಯೂ ಬೇಕಾಗುವ ಮನುಷ್ಯರ ಬಗೆಯೇ ಬೇರೆ.

ನಿಮ್ಮ ಕೈಯಲ್ಲಿ ಈಗ ಏನಿದೆ ಎಂದು ನೋಡೋಣ. ಅರ್ಜಿಗಳಲ್ಲಿ ಎಲ್ಲರೂ ಸಂವಹನ ಕೌಶಲ, ನಾಯಕತ್ವ, ತಂಡದಲ್ಲಿ ದುಡಿಯುವ ಗುಣ ಎಂದು ಬರೆದಿರುತ್ತಾರೆ; ನಾವು ಆ ಸಾಲುಗಳನ್ನು ಓದುವುದೂ ಇಲ್ಲ. ನೀವು ಬರೆಯಬೇಕಾದ್ದು ಮೌಲ್ಯಮಾಪನದ ಕೆಲಸ. ಉತ್ತರಪತ್ರಿಕೆಯ ಒಳಪುಟದ ಅಂಕಗಳನ್ನು ಮುಖಪುಟಕ್ಕೆ ಇಳಿಸುತ್ತೀರಿ, ಕೂಡುತ್ತೀರಿ, ಇನ್ನೊಬ್ಬ ಶಿಕ್ಷಕರು ಅದನ್ನು ಮತ್ತೆ ಕೂಡಿ ಸಹಿ ಹಾಕುತ್ತಾರೆ, ಆಮೇಲೆ ಅದು ಕ್ರೋಡೀಕೃತ ಪಟ್ಟಿಗೆ ಹೋಗುತ್ತದೆ, ಅಲ್ಲಿ ತಿದ್ದುಪಡಿ ಮಾಡಬೇಕಾದರೆ ಕೆಂಪು ಶಾಯಿಯ ಗೆರೆ ಮತ್ತು ಕಿರುಸಹಿ ಬೇಕು. ನಮ್ಮ ಕಚೇರಿಯಲ್ಲಿ ಇದನ್ನೇ ಮೇಕರ್ ಮತ್ತು ಚೆಕರ್ ಎನ್ನುತ್ತೇವೆ: ಒಬ್ಬರು ನಮೂದಿಸಬೇಕು, ಮತ್ತೊಬ್ಬರು ಪರಿಶೀಲಿಸಿ ಬಿಡುಗಡೆ ಮಾಡಬೇಕು, ಮಾಡಿದವರೇ ಒಪ್ಪಿಗೆ ಕೊಡುವಂತಿಲ್ಲ, ಅಳಿಸಿದ್ದರ ಗುರುತು ಉಳಿಯಲೇಬೇಕು. ಇಡೀ ಬ್ಯಾಂಕಿಂಗ್ ವ್ಯವಸ್ಥೆಯ ಆಂತರಿಕ ನಿಯಂತ್ರಣ ಈ ಒಂದು ಪದ್ಧತಿಯ ಮೇಲೆ ನಿಂತಿದೆ. ವಾಣಿಜ್ಯ ಪದವೀಧರರಿಗೆ ಇದನ್ನು ಮನದಟ್ಟು ಮಾಡಿಸಲು ನಮಗೆ ಆರು ತಿಂಗಳು ಹಿಡಿಯುತ್ತದೆ, ಪುಸ್ತಕದಲ್ಲಿ ಓದಿದ್ದರೂ ಬೇರೆಯವರು ತಮ್ಮ ಲೆಕ್ಕವನ್ನು ತಿದ್ದಿದಾಗ ಅವರಿಗೆ ಅವಮಾನವಾಗುತ್ತದೆ. ನಿಮಗೆ ಅದು ಅಭ್ಯಾಸವಾಗಿಬಿಟ್ಟಿದೆ.

ಎರಡನೆಯದು, ಹಣದ ವಿಷಯವನ್ನು ಸಂಕೋಚದಿಂದ ಕೂತವರಿಗೆ ತಿಳಿಯುವಂತೆ ಹೇಳುವುದು. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮನೆಗಳಲ್ಲಿ ಚೀಟಿ ಗೊತ್ತಿಲ್ಲದವರಿಲ್ಲ. ಇಪ್ಪತ್ತು ಮಂದಿ, ತಿಂಗಳಿಗೆ 5,000, ಇಪ್ಪತ್ತು ತಿಂಗಳು. ಮೊತ್ತ ಒಂದು ಲಕ್ಷ. ಮೂರನೆಯ ತಿಂಗಳು ಮಗಳ ಮದುವೆಯೆಂದು ಒಬ್ಬರು 78,000ಕ್ಕೆ ಕೂಗಿ ಎತ್ತುತ್ತಾರೆ. ಬಿಟ್ಟುಕೊಟ್ಟ 22,000ದಲ್ಲಿ ನಡೆಸುವವರ ಕಮಿಷನ್ 5,000 ಹೋದರೆ ಉಳಿದ 17,000 ಇಪ್ಪತ್ತು ಜನಕ್ಕೆ ತಲಾ 850ರಂತೆ ಹಂಚಿಕೆಯಾಗುತ್ತದೆ, ಆ ತಿಂಗಳು ಎಲ್ಲರೂ ಕಟ್ಟುವುದು 4,150. ಬೇಗ ಬೇಕಾದವನು ಕಡಿಮೆ ತೆಗೆದುಕೊಳ್ಳುತ್ತಾನೆ, ಕಾಯುವವನಿಗೆ ಕಾಯ್ದದ್ದರ ಬೆಲೆ ಸಿಗುತ್ತದೆ. ಹಣಕಾಸು ಪಠ್ಯಗಳ ಮೊದಲ ಅಧ್ಯಾಯದಲ್ಲಿ ಹಣದ ಕಾಲಮೌಲ್ಯ ಎಂದು ಇಪ್ಪತ್ತು ಪುಟ ಬರೆದಿರುವುದು ಇದನ್ನೇ. (ನೋಂದಾಯಿತ ಚೀಟಿಗಳಿಗೆ 1982ರ ಕಾಯ್ದೆಯಿದೆ, 2019ರ ತಿದ್ದುಪಡಿಯ ನಂತರ ಕಮಿಷನ್ ಶೇ. 7ನ್ನು ಮೀರುವಂತಿಲ್ಲ, ಪಕ್ಕದ ಮನೆಯವರ ಚೀಟಿಗೆ ಈ ಕಾಯ್ದೆಯ ರಕ್ಷಣೆ ಇರುವುದಿಲ್ಲ ಎಂಬುದು ಬೇರೆ ಮಾತು.) ಇದನ್ನು ಕನ್ನಡದಲ್ಲಿ, ಎದುರಿಗಿರುವವರಿಗೆ ಮುಜುಗರವಾಗದ ಹಾಗೆ ಐದು ನಿಮಿಷದಲ್ಲಿ ಹೇಳಬಲ್ಲವರು ವಿತರಣೆ, ಗ್ರಾಹಕ ಸೇವೆ ಮತ್ತು ಶಾಖೆಯ ಕೆಲಸಗಳಿಗೆ ನಿಜವಾಗಿಯೂ ಬೇಕು, ಮತ್ತು ಈ ಊರಿನಲ್ಲಿ ಅಂಥವರ ಕೊರತೆ ಇದೆ. ನನ್ನ ಆ ಹಳೆಯ ಕ್ಯಾಷಿಯರ್ ಯೌವನದಲ್ಲಿ ಪಿಗ್ಮಿ ಸಂಗ್ರಹಿಸುತ್ತಿದ್ದವರು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು ಉಡುಪಿಯ ಕಡೆ ಶುರು ಮಾಡಿದ ಪಿಗ್ಮಿ ಠೇವಣಿಯ ಬಂಡವಾಳವೇ, ದಿನಾ ಸಂಜೆ ಅಂಗಡಿ ಬಾಗಿಲಿಗೆ ಬರುವ ಒಬ್ಬ ಪರಿಚಿತ ಮನುಷ್ಯ. ಆ್ಯಪ್ ಬಂದರೂ ಆ ಸ್ಥಾನ ಖಾಲಿಯಾಗಿಯೇ ಇದೆ.

ಬಾರದ ಕೌಶಲವನ್ನೂ ಹೇಳಿಬಿಡುತ್ತೇನೆ. ರಿಲೇಷನ್‌ಶಿಪ್ ಮ್ಯಾನೇಜರ್ ಎಂಬ ಚಂದದ ಹೆಸರಿನ ಹುದ್ದೆಗಳಲ್ಲಿ ಹೆಚ್ಚಿನವು ಮಾರಾಟದ ಗುರಿಯ ಹುದ್ದೆಗಳು. ತಿಂಗಳ ಕೊನೆಯ ವಾರ ಗುರಿ ಮುಟ್ಟದಿದ್ದರೆ ಪಾಲಿಸಿ ಬೇಡವೆಂದವರಿಗೂ ಫೋನು ಮಾಡಬೇಕಾಗುತ್ತದೆ. ತರಗತಿಯಲ್ಲಿ ನಿಮ್ಮ ಮಾತು ಕೇಳುವುದು ಮಕ್ಕಳಿಗೆ ಕಡ್ಡಾಯ. ಇಲ್ಲಿ ಯಾರಿಗೂ ಕಡ್ಡಾಯವಿಲ್ಲ. ಅದು ನಿಮಗೆ ಒಗ್ಗುತ್ತದೆಯೇ ಎಂಬುದನ್ನು ನೀವೇ ತೀರ್ಮಾನಿಸಬೇಕು.

ಇನ್ನು ಅರ್ಹತೆಯ ವಿಚಾರ. ಪರೀಕ್ಷೆಗಳಲ್ಲಿ ಎರಡು ಬಗೆ. ಮೊದಲನೆಯದು ಪರವಾನಗಿಯಂಥವು, ಅವಿಲ್ಲದೆ ಆ ಕೆಲಸ ಮಾಡುವುದೇ ನಿಯಮಬಾಹಿರ. ಮ್ಯೂಚುವಲ್ ಫಂಡ್ ಮಾರಬೇಕಾದರೆ ಷೇರುಪೇಟೆ ಶಿಕ್ಷಣದ ಸಂಸ್ಥೆಯಾದ ಎನ್‌ಐಎಸ್‌ಎಂನ ಸೀರೀಸ್ ಐದು-ಎ ಪರೀಕ್ಷೆ ಪಾಸಾಗಿ, ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯ ನೋಂದಣಿ ಸಂಖ್ಯೆ ಪಡೆಯಬೇಕು. ನೂರು ಪ್ರಶ್ನೆ, ಎರಡು ಗಂಟೆ, ಶೇ. 50 ಬಂದರೆ ತೇರ್ಗಡೆ, ಪ್ರಮಾಣಪತ್ರಕ್ಕೆ ಮೂರು ವರ್ಷ ಆಯುಸ್ಸು. ವಿಮಾ ಏಜೆಂಟರಿಗೆ ಐಸಿ-38 ಇದೆ, ಹತ್ತನೆಯ ತರಗತಿ ಪಾಸಾದವರೂ ಬರೆಯಬಹುದು. ದಲ್ಲಾಳಿ ಸಂಸ್ಥೆಗಳ ಹಿಂಬದಿ ಕೆಲಸಕ್ಕೆ ಎನ್‌ಐಎಸ್‌ಎಂನದೇ ಸೀರೀಸ್ ಏಳು, ಅದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಎರಡನೆಯ ಬಗೆ, ಕೆಲಸಕ್ಕೆ ಸೇರಿದ ಮೇಲೆ ಮೇಲೇರಲು ನೆರವಾಗುವವು. ಜೆಎಐಐಬಿ, ಸಿಎಐಐಬಿ ಎಂಬ ಬ್ಯಾಂಕಿಂಗ್ ಪರೀಕ್ಷೆಗಳು ಬ್ಯಾಂಕಿನೊಳಗಿರುವವರಿಗೆ ಮಾತ್ರ. ಸಿಎಫ್‌ಎಗೆ ಮೂರು ಹಂತ. ಒಂದೊಂದು ಹಂತಕ್ಕೆ ಸುಮಾರು 300 ಗಂಟೆ ಓದಬೇಕಾಗುತ್ತದೆ, ಮೂರನ್ನೂ ಮುಗಿಸಿದರೂ ಸಂಬಂಧಪಟ್ಟ ಕೆಲಸದಲ್ಲಿ ಕನಿಷ್ಠ 36 ತಿಂಗಳ ಅವಧಿಯಲ್ಲಿ 4,000 ಗಂಟೆಗಳ ಅನುಭವ ತೋರಿಸದೆ ಆ ಮೂರಕ್ಷರವನ್ನು ಹೆಸರಿನ ಮುಂದೆ ಹಾಕಿಕೊಳ್ಳುವಂತಿಲ್ಲ. ಷೇರು ವಿಶ್ಲೇಷಣೆ, ನಿಧಿ ನಿರ್ವಹಣೆಯ ಕಡೆ ಹೋಗುವವರಿಗೆ ಅದು ಅಮೂಲ್ಯ. ಲೆಕ್ಕದ ತಾಳೆ ನೋಡುವ ಹುದ್ದೆಗೆ ಅದನ್ನು ಹೊತ್ತು ಬಂದರೆ, ಇವರು ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ ಎಂದು ನಾವೇ ಹಿಂಜರಿಯುತ್ತೇವೆ.

ನನ್ನ ಸಲಹೆ ಫಂಡ್ ಅಕೌಂಟಿಂಗ್ ಅಥವಾ ರಿಕಾನ್ಸಿಲಿಯೇಶನ್ ತಂಡ. ನಿಧಿಯ ಪುಸ್ತಕದಲ್ಲಿರುವ ಷೇರು ಮತ್ತು ನಗದು, ಅವನ್ನು ನಿಧಿಯ ಪರವಾಗಿ ಕಾಪಿಡುವ ಕಸ್ಟೋಡಿಯನ್ ಬ್ಯಾಂಕಿನ ಪಟ್ಟಿಯೊಂದಿಗೆ ದಿನಾ ತಾಳೆಯಾಗಬೇಕು. ಆಗದ್ದನ್ನು ನಾವು ಬ್ರೇಕ್ ಎನ್ನುತ್ತೇವೆ. ಭಾರತದ ಷೇರು ವಹಿವಾಟಿನ ಇತ್ಯರ್ಥ (ಹಣ ಮತ್ತು ಷೇರು ಕೈಬದಲಾಗುವುದು) 2023ರ ಜನವರಿಯಿಂದ ಪೂರ್ತಿಯಾಗಿ ಒಂದೇ ದಿನದ ಗಡುವಿಗೆ ಇಳಿಯಿತು, ಅಮೆರಿಕ 2024ರ ಮೇ 28ರಿಂದ ಅದೇ ಹಾದಿ ಹಿಡಿಯಿತು. ಹಾಗಾಗಿ ಬ್ರೇಕ್ ಹುಡುಕಲು ಇದ್ದ ಸಮಯವೂ ಕುಗ್ಗಿದೆ, ಬೇಗ ಹುಡುಕಬಲ್ಲವರ ಬೆಲೆ ಏರಿದೆ. ಪಾಳಿಯ ವಿಷಯ ಮೊದಲೇ ಕೇಳಿಕೊಳ್ಳಿ. ಅಮೆರಿಕದ ಮಾರುಕಟ್ಟೆ ಮುಚ್ಚುವುದು ನಮ್ಮ ರಾತ್ರಿ 1.30ಕ್ಕೆ, ಅಲ್ಲಿನ ಚಳಿಗಾಲದಲ್ಲಿ 2.30ಕ್ಕೆ. ಹೋಟೆಲು ಬಿಟ್ಟು ಬಂದ ನಾನು ಮತ್ತೆ ಅದೇ ಹೊತ್ತಿಗೆ ಎದ್ದು ಕೂತಿದ್ದೆ.

ಎಕ್ಸೆಲ್ ಕಲಿಯಲೇಬೇಕು. ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟು ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ್ದನ್ನು ಹುಡುಕುವುದು, ಪಿವಟ್ ಟೇಬಲ್ ಮಾಡುವುದು ಬಂದರೆ ಆರಂಭಕ್ಕೆ ಸಾಕು. ನಿಮ್ಮ ಶಾಲೆಯ ಅಂಕಪಟ್ಟಿಯ ಮೇಲೆಯೇ ಅಭ್ಯಾಸ ಮಾಡಿ. ಜೊತೆಗೆ ಜಮಾ ಮತ್ತು ಖರ್ಚಿನ ಮೂಲನಿಯಮಗಳಿಗಾಗಿ ಪಿಯುಸಿಯ ಲೆಕ್ಕಶಾಸ್ತ್ರ ಪುಸ್ತಕದಲ್ಲಿ ತಾಳೆಪಟ್ಟಿ ಮತ್ತು ಬ್ಯಾಂಕ್ ಸಮನ್ವಯ ಪಟ್ಟಿಯ ಅಧ್ಯಾಯಗಳನ್ನು ಓದಿ. ಖಾತರಿ ಕೆಲಸದ ಆಸೆ ತೋರಿಸುವ ತರಬೇತಿ ಕೇಂದ್ರಗಳಿಗೆ ಮುಂಗಡ ಕೊಡಬೇಡಿ. ನಾನು ಅಂಥ ಒಂದಕ್ಕೆ ಮೂವತ್ತು ಸಾವಿರ ಕಟ್ಟಿ, ಮೂರು ತಿಂಗಳ ನಂತರ ಬಾಗಿಲಿಗೆ ಬೀಗ ನೋಡಿ ಬಂದವನು. ಎನ್‌ಐಎಸ್‌ಎಂ ಪರೀಕ್ಷೆಗೆ ನೋಂದಾಯಿಸಿಕೊಂಡರೆ ಪಠ್ಯಪುಸ್ತಿಕೆಯ ಮೃದುಪ್ರತಿ ಅವರೇ ಕೊಡುತ್ತಾರೆ, ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ.

ಕೊನೆಯದಾಗಿ, ಬಹಳ ಶಿಕ್ಷಕರು ಎಡವುವ ಒಂದು ಜಾಗ. ಹಣಕಾಸು ಸಂಸ್ಥೆಗಳು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹಿನ್ನೆಲೆ ಪರಿಶೀಲನೆಯನ್ನು ಬಿಗಿಯಾಗಿ ಮಾಡುತ್ತವೆ. ಹಲವು ಖಾಸಗಿ ಶಾಲೆಗಳು ನೇಮಕಾತಿ ಪತ್ರವನ್ನೇ ಕೊಟ್ಟಿರುವುದಿಲ್ಲ, ಸಂಬಳದ ಒಂದು ಭಾಗ ನಗದಿನಲ್ಲಿ ಬರುತ್ತದೆ, ಬೇಸಿಗೆ ರಜೆಯ ಎರಡು ತಿಂಗಳು ದಾಖಲೆಯಲ್ಲಿ ಕಾಣುವುದಿಲ್ಲ. ಆಯ್ಕೆಯಾದ ಮೇಲೆ ಇದೇ ಕಾರಣಕ್ಕೆ ಸೇರ್ಪಡೆ ತಡವಾದ ಒಬ್ಬರು ನಮ್ಮ ತಂಡದಲ್ಲೇ ಇದ್ದಾರೆ. ಈ ಶೈಕ್ಷಣಿಕ ವರ್ಷ ಮುಗಿಯುವ ಮೊದಲೇ, ಸಂಬಂಧ ಚೆನ್ನಾಗಿರುವಾಗಲೇ, ಮುಖ್ಯೋಪಾಧ್ಯಾಯರಿಂದ ಸೇರಿದ ದಿನಾಂಕ, ಹುದ್ದೆ, ಬೋಧಿಸಿದ ತರಗತಿಗಳಿರುವ ಅನುಭವ ಪತ್ರವನ್ನು ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೆಸಿ, ಮೊಹರು ಹಾಕಿಸಿಕೊಳ್ಳಿ. ಭವಿಷ್ಯನಿಧಿ ಖಾತೆಯಿದ್ದರೆ ಅದರಲ್ಲಿರುವ ದಿನಾಂಕ ಮತ್ತು ಈ ಪತ್ರದ ದಿನಾಂಕ ಒಂದೇ ಆಗಿರಲಿ. ಇಲ್ಲದಿದ್ದರೆ ನಿಮ್ಮ ಮೊದಲ ಬ್ರೇಕ್ ನಿಮ್ಮದೇ ಕಡತದಲ್ಲಿ ಸಿಗುತ್ತದೆ.