ದನಕ್ಕೆ ಸೆಲೆನಿಯಂ ಪುಡಿ: ಹಾಕುವ ಮೊದ್ಲು ಡಬ್ಬಿಯ ಲೇಬಲ್ ಓದಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬದಿಯಡ್ಕ ಹತ್ರ. ಹಟ್ಟಿಯಲ್ಲಿ ಎರಡು ಜರ್ಸಿ ಕ್ರಾಸ್, ಒಂದು ಕಾಸರಗೋಡು ಗಿಡ್ಡ (ನಮ್ಮ ಊರಿನ ಸಣ್ಣ ತಳಿ) ಉಂಟು. ಒಂದು ಜರ್ಸಿ ಕಳೆದ ಸಲ ಕರು ಹಾಕಿದಾಗ ಕಸ (ಮಾಸು) ಮರುದಿನ ಆದ್ರೂ ಬೀಳ್ಲಿಲ್ಲ, ಆಮೇಲೆ ಕೆಚ್ಚಲು ಬಾವು ಬೇರೆ. ಈಗ ಪುನಃ ಗಬ್ಬ. ಅಂಗಡಿಯವರು ಸೆಲೆನಿಯಂ ಇರುವ ಆಂಟಿಆಕ್ಸಿಡೆಂಟ್ ಪುಡಿ ಕೊಟ್ಟಿದ್ದಾರೆ. ಮಿನರಲ್ ಮಿಕ್ಸ್ಚರ್ ಮೊದ್ಲಿಂದ ಹಾಕ್ತಾ ಇದ್ದೇವೆ. ಎರಡೂ ಹಾಕ್ಬಹುದಾ? ಗಿಡ್ಡಕ್ಕೂ ಅದೇ ಅಳತೆಯಾ?

ಉತ್ತರ: ಅಕ್ಕಾ, ಆ ಡಬ್ಬಿ ಸ್ವಲ್ಪ ದಿನ ಹಾಗೇ ಇರ್ಲಿ, ಮೊದ್ಲು ಒಂದು ಲೆಕ್ಕ ಹಾಕುವ. ಸೆಲೆನಿಯಂ ಅಂದ್ರೆ ದೇಹಕ್ಕೆ ಚೂರೇ ಚೂರು ಸಾಕಾಗುವ ಒಂದು ಖನಿಜ. ಅದು ಬೇಕು, ಅದ್ರಲ್ಲಿ ಸಂಶಯ ಇಲ್ಲ, ಆದ್ರೆ ಕೊರತೆ ಇದ್ದ ದನಕ್ಕೆ ಕೊಟ್ರೆ ಮಾತ್ರ ಗುಣ, ಸಾಕಷ್ಟು ಇರುವ ದನಕ್ಕೆ ಮೇಲಿಂದ ಮೇಲೆ ಕೊಟ್ರೆ ರೋಗನಿರೋಧಕ ಶಕ್ತಿ ಇನ್ನೂ ಏರ್ತದೆ ಅಂತ ಎಂತದೂ ಇಲ್ಲ.

ಅದು ಮಾಡುವ ಕೆಲಸ ಹೇಳ್ತೇನೆ. ಎಣ್ಣೆ ಹಳತಾದ್ರೆ ಕಮಟು ಹಿಡೀತದಲ್ಲ, ದೇಹದ ಜೀವಕೋಶದ ಪೊರೆಯಲ್ಲಿರುವ ಕೊಬ್ಬಿಗೂ ಅದೇ ಗತಿ ಬರ್ತದೆ, ಅದನ್ನು ಪೊರೆಯ ಒಳಗೇ ಇದ್ದು ತಡೆಯೋದು ವಿಟಮಿನ್ ಇ, ಹಾಗೆ ಕೆಡುವಾಗ ಹುಟ್ಟುವ ಪೆರಾಕ್ಸೈಡ್ ಅನ್ನುವ ವಿಷದಲ್ಲಿ ಉಳಿದದ್ದನ್ನು ಮುರಿದು ಹಾಕೋದು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅನ್ನುವ ಕಿಣ್ವ. ಈ ಕಿಣ್ವದ ನಡುವಿನಲ್ಲೇ ಸೆಲೆನಿಯಂ ಉಂಟು ಅಂತ ಗೊತ್ತಾದದ್ದು 1973ರಲ್ಲಿ. ಕೆಚ್ಚಲಿಗೆ ಬ್ಯಾಕ್ಟೀರಿಯಾ ನುಗ್ಗಿದಾಗ ಬಿಳಿ ರಕ್ತಕಣಗಳು ಅದನ್ನು ಕೊಲ್ಲೋದು ಇದೇ ಪೆರಾಕ್ಸೈಡ್ ಜಾತಿಯ ವಿಷ ಬಿಟ್ಟು, ತಮ್ಮ ವಿಷದಿಂದ ತಾವೇ ಸಾಯದ ಹಾಗೆ ಅವನ್ನು ಕಾಯ್ಲಿಕ್ಕೂ ಈ ಕಿಣ್ವ ಬೇಕು. ಹಾಗಾಗಿ ಸೆಲೆನಿಯಂ ಕಮ್ಮಿ ಆದ ದನಕ್ಕೆ ಕೆಚ್ಚಲು ಬಾವು, ಕಸ ನಿಲ್ಲೋದು ಜಾಸ್ತಿ. ಕರು ಎದ್ದು ನಿಲ್ಲದೆ ಮಾಂಸಖಂಡ ಬಿಳಿಚಿಕೊಳ್ಳುವ ರೋಗವೂ ಉಂಟು.

ನಮ್ಮ ಕೆಂಪುಕಲ್ಲಿನ ಹುಳಿ ಮಣ್ಣಿನಲ್ಲಿ ಸೆಲೆನಿಯಂ ಇದ್ರೂ ಕಬ್ಬಿಣಕ್ಕೆ ಅಂಟಿಕೊಂಡು ಹುಲ್ಲಿಗೆ ಸಿಗೋದು ಕಷ್ಟ, ಕೊರತೆ ಇರ್ಲಿಕ್ಕೂ ಸಾಕು. ಆದ್ರೆ ನೀವು ಹಾಕುವ ಬೂಸ, ಜೋಳ, ಹಿಂಡಿ ಎಲ್ಲ ಎಲ್ಲಿಯ ಮಣ್ಣಿನದೋ. ಪಂಜಾಬಿನ ನವಾನ್‌ಶಹರ್, ಹೋಶಿಯಾರ್‌ಪುರ ಕಡೆಯ ಕೆಲವು ಊರಲ್ಲಿ ಮಣ್ಣಲ್ಲೇ ಸೆಲೆನಿಯಂ ವಿಪರೀತ, ಅಲ್ಲಿಯ ದನಗಳಿಗೆ ಕೂದಲು ಉದುರಿ ಗೊರಸು ಒಡೆದದ್ದೂ ಉಂಟು. ಅದಕ್ಕೇ ಅಂದಾಜಿಗೆ ಹಾಕ್ಬೇಡಿ ಅನ್ನೋದು.

ಈಗ ಲೆಕ್ಕ. ಒಂದು ಕಿಲೋ ಒಣ ಆಹಾರಕ್ಕೆ 0.3 ಮಿಲಿಗ್ರಾಂ ಸೆಲೆನಿಯಂ ಹಾಲಿನ ದನಕ್ಕೆ ಸಾಕು. ನಿಮ್ಮ ಜರ್ಸಿ ನೀರಿನಂಶ ಬಿಟ್ಟು ದಿನಕ್ಕೆ 12 ಕಿಲೋ ತಿಂದ್ರೆ ಸುಮಾರು ಮೂರೂವರೆ ಮಿಲಿಗ್ರಾಂ ಆಯ್ತು. ಮಿನರಲ್ ಮಿಕ್ಸ್ಚರ್ ಲೇಬಲಲ್ಲಿ ಕಿಲೋಗೆ 10 ಮಿಲಿಗ್ರಾಂ ಅಂತ ಇದ್ರೆ ನೀವು ಹಾಕುವ 50 ಗ್ರಾಂನಲ್ಲಿ ಅರ್ಧ ಮಿಲಿಗ್ರಾಂ ಮಾತ್ರ, ಅದೇ 100 ಅಂತ ಇದ್ರೆ 5 ಮಿಲಿಗ್ರಾಂ, ಅಲ್ಲಿಗೇ ಬೇಕಾದ್ದಕ್ಕಿಂತ ಜಾಸ್ತಿ ಆಯ್ತು, ಮತ್ತೆ ಪುಡಿ ಯಾಕೆ? ಇನ್ನೊಂದು, ಲೇಬಲಲ್ಲಿ ‘ಸೋಡಿಯಂ ಸೆಲೆನೈಟ್’ ಇಷ್ಟು ಅಂತ ಇದ್ರೆ ಅದ್ರಲ್ಲಿ ಸೆಲೆನಿಯಂ ಅರ್ಧಕ್ಕಿಂತ ಸ್ವಲ್ಪ ಕಮ್ಮಿ, ನೂರರಲ್ಲಿ 45ರಷ್ಟು. ಯೀಸ್ಟಿನಿಂದ ಮಾಡಿದ್ದಾದ್ರೆ ದೇಹಕ್ಕೆ ಚೆನ್ನಾಗಿ ಹಿಡೀತದೆ, ಹಾಲಿಗೂ ಹೋಗ್ತದೆ. ದನದ ಹೊಟ್ಟೆಯಲ್ಲಿ ಸೆಲೆನೈಟಿನ ಒಂದು ಪಾಲು ಹೀರಿಕೊಳ್ಳಲಿಕ್ಕೆ ಆಗದ ರೂಪಕ್ಕೆ ತಿರುಗಿ ಸಗಣಿಯಲ್ಲಿ ಹೋಗ್ತದೆ.

ಗಿಡ್ಡಕ್ಕೆ ಅದೇ ಚಮಚ ಖಂಡಿತ ಬೇಡ. ಅದು ತಿನ್ನೋದೇ ಜರ್ಸಿಯ ಮೂರನೇ ಒಂದು ಪಾಲು, ಅಳತೆಯೂ ಅಷ್ಟೇ. ಅಳತೆ ತಪ್ಪಿದ್ರೆ ಎಂತ ಆಗ್ತದೆ ಅಂದ್ರೆ, 2009ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಸೆಲೆನಿಯಂ ತಪ್ಪಿ ಹೆಚ್ಚಾದ ಔಷಧಿ ಕೊಟ್ಟು 21 ಪೋಲೊ ಕುದುರೆಗಳು ಸತ್ತವು. ಇಂಜೆಕ್ಷನ್ ಅಂತೂ ಯಾರೋ ಹೇಳಿದ್ರು ಅಂತ ನೀವೇ ಚುಚ್ಚಲಿಕ್ಕೆ ಹೋಗ್ಬೇಡಿ.

ಹಸಿ ಹುಲ್ಲು ಎಷ್ಟು ಹಾಕ್ತೀರಿ ಅಂತ ನೀವು ಬರೀಲಿಲ್ಲ. ಬೇಸಿಗೆಯಲ್ಲಿ ಬರೀ ಬೈಹುಲ್ಲು ಆದ್ರೆ ಅದ್ರಲ್ಲಿ ವಿಟಮಿನ್ ಇ ಇಲ್ಲ ಅಂತಲೇ ಹೇಳ್ಬೇಕು, ಆಗ ಸೆಲೆನಿಯಂ ಒಂದೇ ಕೊಟ್ರೆ ಸಾಲೋದಿಲ್ಲ. ತೋಟದ ಹುಲ್ಲೋ ನೇಪಿಯರೋ ದಿನಾ ಸ್ವಲ್ಪ ಹಸಿಯಾಗಿ ಹೊಟ್ಟೆಗೆ ಹೋಗ್ಲಿ, ನನ್ನ ಪ್ರಕಾರ ಡಬ್ಬಿಗಿಂತ ಮೊದ್ಲು ಮಾಡ್ಬೇಕಾದ್ದು ಇದು.

ದಿನ ತುಂಬಲಿಕ್ಕೆ ಮೂರು ವಾರ ಇರುವಾಗ ಮೃಗಾಸ್ಪತ್ರೆಯ ಡಾಕ್ಟ್ರಿಗೆ ಎರಡೂ ಲೇಬಲ್ ತೋರಿಸಿ, ಬೇಕು ಅಂತ ಕಂಡ್ರೆ ಅವ್ರೇ ವಿಟಮಿನ್ ಇ, ಸೆಲೆನಿಯಂ ಸೇರಿದ ಇಂಜೆಕ್ಷನ್ ಕೊಡ್ತಾರೆ. ರಕ್ತ ಪರೀಕ್ಷೆ ಮಾಡಿಸ್ಲಿಕ್ಕೆ ಆದ್ರೆ ಇನ್ನೂ ಒಳ್ಳೆದು. ಆದ್ರೆ ಮೊದ್ಲು ಹೇಳಿದ ಆ ಪೆರಾಕ್ಸಿಡೇಸ್ ಕಿಣ್ವದ ಪರೀಕ್ಷೆಯಾದ್ರೆ ಪುಡಿ ಶುರು ಮಾಡಿದ ವಾರಕ್ಕೇ ಮಾಡಿಸ್ಬೇಡಿ, ಕೆಂಪು ರಕ್ತಕಣ ಹೊಸತಾಗಿ ಹುಟ್ಟುವಾಗಲೇ ಕಿಣ್ವ ಅದ್ರೊಳಗೆ ಸೇರೋದು, ಫಲ ಕಾಣ್ಲಿಕ್ಕೆ ಕೆಲವು ವಾರ ಬೇಕು.

ಕಸ ನಿಲ್ಲಲಿಕ್ಕೆ ಕ್ಯಾಲ್ಸಿಯಂ ಕೊರತೆ, ಅವಳಿ ಕರು, ದಿನ ತುಂಬುವ ಮೊದ್ಲೇ ಹಾಕೋದು, ಬ್ರುಸೆಲ್ಲಾ ರೋಗ ಎಲ್ಲ ಕಾರಣ ಆಗ್ತದೆ, ಹಾಗಾಗಿ ಬ್ರುಸೆಲ್ಲಾ ಪರೀಕ್ಷೆಯನ್ನೂ ಕೇಳಿ. ಅದು ಮನುಷ್ಯರಿಗೂ ದಾಟುವ ರೋಗ ಅಕ್ಕಾ, ಮುಂದಿನ ಸಲ ಕಸ ನಿಂತ್ರೆ ಬರಿಗೈಯಲ್ಲಿ ಎಳೀಬೇಡಿ, 12 ಗಂಟೆ ದಾಟಿದ್ರೆ ಡಾಕ್ಟ್ರಿಗೆ ಫೋನ್ ಮಾಡಿ.