ಒಂದೇ ತಲೆಗೆ ಎರಡು ಸ್ಕ್ಯಾನ್ ಏಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ ಮಿದುಳಿನಲ್ಲಿ ಗಡ್ಡೆಯಿದೆ. ಮಡಿಕೇರಿಯಲ್ಲಿ ಸಿ.ಟಿ., ಬಳಿಕ ಮೈಸೂರಿನಲ್ಲಿ ಎಂ.ಆರ್.ಐ. ಆಯಿತು. ಈಗ ವಿಕಿರಣ ಚಿಕಿತ್ಸೆಗೆ ಮೊದಲು ಮತ್ತೊಮ್ಮೆ ಸಿ.ಟಿ. ಮಾಡಿ, ಅದನ್ನು ಎಂ.ಆರ್.ಐ. ಜೊತೆ ಕಂಪ್ಯೂಟರಿನಲ್ಲಿ ಕೂಡಿಸಬೇಕೆನ್ನುತ್ತಾರೆ. ಒಂದೇ ಒಳ್ಳೆಯ ಸ್ಕ್ಯಾನ್ ಸಾಲದೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಸಾಲದು. ಎರಡೂ ನೋಡುವುದು ಒಂದೇ ತಲೆಯನ್ನಾದರೂ ಅಳೆಯುವುದು ಬೇರೆ ಬೇರೆ ಗುಣಗಳನ್ನು. ಎಕ್ಸ್-ರೇ ಯಾವ ಭಾಗದಲ್ಲಿ ಎಷ್ಟು ಹೀರಲ್ಪಡುತ್ತದೆ ಎಂಬುದನ್ನು ಸಿ.ಟಿ. ಅಳೆಯುವುದರಿಂದ ಅದರಲ್ಲಿ ಮೂಳೆ ಸ್ಪಷ್ಟವಾಗಿರುತ್ತದೆ. ವಿಕಿರಣದ ಪ್ರಮಾಣವನ್ನು ಲೆಕ್ಕಹಾಕಲು ಬೇಕಾದ ಸಾಂದ್ರತೆಯೂ ಅದರಿಂದಲೇ ದೊರೆಯುತ್ತದೆ. ಗಡ್ಡೆ ಎಲ್ಲಿ ಮುಗಿದು ಆರೋಗ್ಯವಂತ ಮಿದುಳು ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಎಂ.ಆರ್.ಐ.ಯೇ ಚೆನ್ನಾಗಿ ತೋರಿಸುತ್ತದೆ. ಹಳೆಯ ಸಿ.ಟಿ. ಈ ಕೆಲಸಕ್ಕೆ ಒದಗದು. ಚಿಕಿತ್ಸೆಯ ದಿನ ಮಲಗುವ ಭಂಗಿಯಲ್ಲೇ, ಮುಖಕ್ಕೆ ಜಾಲರಿಯಂಥ ಮುಖವಾಡ ಬಿಗಿದು ಹೊಸದಾಗಿ ತೆಗೆಯಬೇಕು.

ನಿಮ್ಮ ಕಡೆಯ ತೋಟದಿಂದಲೇ ಉದಾಹರಣೆ ಕೊಡುತ್ತೇನೆ. ಒಂದು ಹಾಳೆಯಲ್ಲಿ ಸರ್ವೆ ನಕ್ಷೆ, ಇನ್ನೊಂದರಲ್ಲಿ ಬಿಳಿ ಕಾಂಡಕೊರಕ ಹುಳು ಹಿಡಿದ ಅರೇಬಿಕಾ ಕಾಫಿ ಗಿಡಗಳ ಗುರುತು ಇದ್ದರೆ, ಬಾಂದುಕಲ್ಲುಗಳನ್ನು ಒಂದರ ಮೇಲೊಂದು ಹೊಂದಿಸಿದ ಮೇಲೆಯೇ ಹುಳು ಹಿಡಿದ ಗಿಡ ಯಾವ ಮೂಲೆಯಲ್ಲಿದೆಯೆಂದು ಹೇಳಬಹುದು. ತಲೆಯಲ್ಲಿ ಬಾಂದುಕಲ್ಲಿನ ಕೆಲಸವನ್ನು ತಲೆಬುರುಡೆ ಬಹುಮಟ್ಟಿಗೆ ಮಾಡುತ್ತದೆ. ತೊಡಕೆಂದರೆ, ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುವ ಮೂಳೆ ಎಂ.ಆರ್.ಐ.ಯಲ್ಲಿ ಕಪ್ಪಗಿರುತ್ತದೆ, ಹಾಗಾಗಿ ಬಣ್ಣಕ್ಕೆ ಬಣ್ಣ ಹೊಂದಿಸಿ ಪ್ರಯೋಜನವಿಲ್ಲ. 1990ರ ದಶಕದಲ್ಲಿ ರೂಪುಗೊಂಡ ಒಂದು ಗಣಿತ ವಿಧಾನವು, ಒಂದು ಚಿತ್ರದ ಛಾಯೆ ತಿಳಿದರೆ ಅದೇ ಜಾಗದಲ್ಲಿ ಇನ್ನೊಂದರ ಛಾಯೆಯನ್ನು ಎಷ್ಟರಮಟ್ಟಿಗೆ ಊಹಿಸಬಹುದೆಂದು ಲೆಕ್ಕಹಾಕುತ್ತ, ಆ ಊಹೆ ಅತ್ಯುತ್ತಮವಾಗುವವರೆಗೆ ಚಿತ್ರವನ್ನು ಸರಿಸುತ್ತದೆ, ತಿರುಗಿಸುತ್ತದೆ. ಆದರೂ ಕೊನೆಗೆ ವೈದ್ಯರು ಕಣ್ಣಿನಿಂದಲೇ ಪರಿಶೀಲಿಸಬೇಕು. ಒಂದೆರಡು ಮಿಲಿಮೀಟರ್ ತಪ್ಪಿದರೂ ದೃಷ್ಟಿನರದ ಪಕ್ಕದಲ್ಲಿ ಅದು ಚಿಕ್ಕ ತಪ್ಪಲ್ಲ.

ಉಸಿರಾಟದೊಂದಿಗೆ ಅಲುಗುವ ಯಕೃತ್ತಿನಂಥ ಅಂಗಗಳಲ್ಲಿ ಹೊಂದಾಣಿಕೆ ಇನ್ನೂ ಕಷ್ಟ. ಜೀವಕೋಶಗಳ ಚಟುವಟಿಕೆಯನ್ನು ತೋರಿಸುವ ಪೆಟ್ ಸ್ಕ್ಯಾನನ್ನೂ ಸಿ.ಟಿ.ಯನ್ನೂ ಒಟ್ಟಿಗೆ ಮಾಡುವ ಪೆಟ್-ಸಿ.ಟಿ. ಯಂತ್ರದಲ್ಲಿ ರೋಗಿ ಒಂದೇ ಮೇಜಿನಿಂದ ಏಳದೆ ಆ ಎರಡೂ ಚಿತ್ರಗಳು ಸಿದ್ಧವಾಗುವುದರಿಂದ ಅಷ್ಟರಮಟ್ಟಿಗೆ ಅನುಕೂಲ.

ಹೊರಡುವಾಗ ಎಂ.ಆರ್.ಐ.ಯ ಸಿ.ಡಿ.ಯನ್ನು ತಪ್ಪದೆ ಒಯ್ಯಿರಿ. ಕೊಡಗಿನ ಮಳೆಯಲ್ಲಿ ಫಿಲ್ಮಿಗೆ ಎರಡೆರಡು ಪ್ಲಾಸ್ಟಿಕ್ ಚೀಲ ಸುತ್ತಿ ತಂದು, ಸಿ.ಡಿ.ಯನ್ನು ಮಾತ್ರ ಬೀರುವಿನಲ್ಲೇ ಬಿಟ್ಟು ಬರುವವರುಂಟು! ಕೂಡಿಸಲು ಬೇಕಾದ ಪ್ರತಿ ಬಿಂದುವಿನ ಅಂಕಿ ಫಿಲ್ಮಿನಲ್ಲಿರುವುದಿಲ್ಲ. ಹಳೆಯ ಎಂ.ಆರ್.ಐ.ಯಲ್ಲಿ ತಲೆಯನ್ನು ಹೋಳು ಹೋಳಾಗಿ ತೋರಿಸುವ ಪದರಗಳು ದಪ್ಪವಾಗಿದ್ದರೆ, ಇಲ್ಲವೇ ನಡುವೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಅದನ್ನೂ ಮತ್ತೆ ಮಾಡಿಸಲು ಹೇಳಬಹುದು, ಸಿ.ಡಿ.ಯನ್ನು ಮೊದಲೇ ತೋರಿಸಿ ಕೇಳಿದರೆ ಇನ್ನೊಂದು ಪ್ರಯಾಣ ಉಳಿದೀತು.