ಕ್ವಾರ್ಟ್ಜ್ ಸ್ಲ್ಯಾಬ್ ಕಟಿಂಗ್: ಎನ್-95 ಮಾಸ್ಕ್ ಹಾಕಿಕೊಂಡರೆ ಸಾಕಾ?

ನಿಮ್ಮ ತಮ್ಮ ಬೆಂಗಳೂರಿನಲ್ಲಿ ಅಡುಗೆಮನೆ ಕಟ್ಟೆಗೆ ಕ್ವಾರ್ಟ್ಜ್ ಸ್ಲ್ಯಾಬ್ ಕಟ್ ಮಾಡಿ ಕೂರಿಸುವ ಕೆಲಸ ಮಾಡುತ್ತಾರೆ ಎಂದಿದ್ದೀರಿ. ಆಸ್ಟ್ರೇಲಿಯಾದಲ್ಲಿ ಈ ಕಲ್ಲನ್ನೇ ಬ್ಯಾನ್ ಮಾಡಿದ್ದಾರಂತೆ, ಗ್ರಾನೈಟ್ ಧೂಳಿಗಿಂತ ಇದು ನಿಜವಾಗಿಯೂ ಜಾಸ್ತಿ ಅಪಾಯವಾ, ಎನ್-95 ಮಾಸ್ಕ್ ಹಾಕಿಕೊಂಡರೆ ಸಾಕಾ ಎಂದು ಕೇಳಿದ್ದೀರಿ.

ಹೌದು, ಜಾಸ್ತಿ ಅಪಾಯ. ಮಾಸ್ಕ್ ಒಂದೇ ಸಾಕಾಗುವುದಿಲ್ಲ. ಕಾರ್ಖಾನೆಗಳಲ್ಲಿ ಕೆಲಸಗಾರರು ಉಸಿರಾಡುವ ಗಾಳಿಯಲ್ಲಿ ಎಷ್ಟು ಧೂಳಿದೆ ಎಂದು ಅಳೆಯುವುದು ನನ್ನ ಕೆಲಸ. ಕಲ್ಲಿನ ಫ್ಯಾಕ್ಟರಿಗಳಿಗೆ ಆಗಾಗ ಹೋಗುತ್ತಿರುತ್ತೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕಲ್ಲಿನ ವಿಷಯ. ಅಂಗಡಿಯಲ್ಲಿ ಕ್ವಾರ್ಟ್ಜ್ ಎಂದು ಮಾರುವ ಸ್ಲ್ಯಾಬ್ ನೆಲದಿಂದ ಅಗೆದ ಕಲ್ಲಲ್ಲ. ಬೆಣಚುಕಲ್ಲನ್ನು ಪುಡಿ ಮಾಡಿ, ಅದಕ್ಕೆ ಬಣ್ಣ ಮತ್ತು ಪಾಲಿಯೆಸ್ಟರ್ ರೆಸಿನ್ ಬೆರೆಸಿ, ಒತ್ತಿ ಗಟ್ಟಿ ಮಾಡಿದ್ದು. ಕಡಲೆಕಾಯಿ ಚಿಕ್ಕಿಯಲ್ಲಿ ಬೆಲ್ಲದ ಪಾಕ ಬೀಜವನ್ನು ಹಿಡಿದಿಡುವ ಹಾಗೆ ಇಲ್ಲಿ ರೆಸಿನ್ ಪುಡಿಯನ್ನು ಹಿಡಿದಿಟ್ಟಿರುತ್ತದೆ. ರೆಸಿನ್ ಇರುವುದು ನೂರಕ್ಕೆ ಹತ್ತು ಭಾಗವೋ ಅದಕ್ಕಿಂತ ಕಡಿಮೆಯೋ. ಉಳಿದದ್ದೆಲ್ಲ ಹೆಚ್ಚುಕಡಿಮೆ ಸಿಲಿಕಾ, ಅಂದರೆ ಬೆಣಚುಕಲ್ಲಿನ ಹರಳು. ಮಾಮೂಲಿ ಗ್ರಾನೈಟ್‌ನಲ್ಲಿ ಸಿಲಿಕಾ ಹರಳು ಸಾಮಾನ್ಯವಾಗಿ ಶೇ. 20ರಿಂದ 45ರಷ್ಟು. ಅಮೃತಶಿಲೆಯಲ್ಲಿ ತುಂಬಾ ಕಡಿಮೆ. ಅಂದರೆ ಅಷ್ಟೇ ಧೂಳು ಎದ್ದರೂ ಕ್ವಾರ್ಟ್ಜ್ ಸ್ಲ್ಯಾಬ್‌ನಿಂದ ಎದೆಯೊಳಗೆ ಹೋಗುವ ಸಿಲಿಕಾ ಗ್ರಾನೈಟ್‌ಗಿಂತ ಎರಡು, ಮೂರು ಪಟ್ಟು.

ಈ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋಗಿ ಬರುವ ಸಿಲಿಕೋಸಿಸ್ ನಮ್ಮ ನಾಡಿಗೆ ಹೊಸ ಕಾಯಿಲೆ ಏನಲ್ಲ. ಭಾರತದಲ್ಲಿ ಈ ಕಾಯಿಲೆಯ ಮೊದಮೊದಲ ವರದಿಗಳು ಬಂದದ್ದೇ ಕೋಲಾರದ ಚಿನ್ನದ ಗಣಿಯಿಂದ, 1930 ಮತ್ತು 40ರ ದಶಕದಲ್ಲಿ. ಆದರೆ ಗಣಿಯಲ್ಲಿ ಇದು ಸಾಮಾನ್ಯವಾಗಿ ಬಹಳ ವರ್ಷ ದುಡಿದವರಿಗೆ ಬರುತ್ತಿತ್ತು. ಕ್ವಾರ್ಟ್ಜ್ ಸ್ಲ್ಯಾಬ್ ಕಟ್ ಮಾಡುವವರಲ್ಲಿ ಹತ್ತು ವರ್ಷದೊಳಗೇ ಕಾಣಿಸಿಕೊಂಡ ಕೇಸುಗಳಿವೆ, ಅದೂ ಮೂವತ್ತು ನಲವತ್ತರ ಹರೆಯದಲ್ಲಿ. ಇಸ್ರೇಲ್‌ನ ವೈದ್ಯರು 2012ರಲ್ಲಿ ಇಂಥ 25 ರೋಗಿಗಳ ಬಗ್ಗೆ ಬರೆದರು. ಶ್ವಾಸಕೋಶ ಕಸಿಗೆಂದು ತಮ್ಮ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಅಡುಗೆಮನೆ ಕಟ್ಟೆ ಕಟ್ ಮಾಡುವವರೇ ಸೇರುತ್ತಿದ್ದಾರೆ ಎಂದು ಅವರ ಗಮನಕ್ಕೆ ಬಂದಿತ್ತು. 2023ರಲ್ಲಿ ಕ್ಯಾಲಿಫೋರ್ನಿಯಾದಿಂದ 52 ಜನರ ವರದಿ ಬಂತು. ಅವರಲ್ಲಿ 10 ಜನ ಆಗಲೇ ತೀರಿಹೋಗಿದ್ದರು. ಹೆಚ್ಚೂಕಡಿಮೆ ಎಲ್ಲರೂ ಹೊಟ್ಟೆಪಾಡಿಗೆ ಬೇರೆ ದೇಶದಿಂದ ವಲಸೆ ಬಂದವರು. ನಿಮ್ಮ ಎರಡನೇ ಪ್ರಶ್ನೆಗೆ ಬೇಕಾದ ಮಾತೊಂದು ಅದೇ ವರದಿಯಲ್ಲಿದೆ: ಆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಯಾವಾಗಲೂ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡುತ್ತಿದ್ದೆವು ಎಂದಿದ್ದರು.

ಸಿಲಿಕಾ ಯಾಕೆ ಇಷ್ಟು ಕೆಟ್ಟದ್ದು? ಹೊಳೆಯ ಮರಳೂ ಬಹುಪಾಲು ಅದೇ ಅಲ್ವಾ? ಈ ಪ್ರಶ್ನೆ ವಿಜ್ಞಾನಿಗಳನ್ನೂ ಬಹಳ ಕಾಲ ಕಾಡಿದೆ. ಇಟಲಿಯ ಟ್ಯೂರಿನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬಾ ಹಿಡಿಸಿತು. ಅವರು ಲ್ಯಾಬ್‌ನಲ್ಲೇ ಕ್ವಾರ್ಟ್ಜ್‌ನ ಸಣ್ಣ ಹರಳುಗಳನ್ನು ಬೆಳೆಸಿದರು. ಎಲ್ಲೂ ಒಡೆಯದ ಆ ಹರಳು ಜೀವಕೋಶಕ್ಕೆ ಅಂಥ ಹಾನಿ ಮಾಡಲಿಲ್ಲ. ಅದನ್ನೇ ಅರೆದು ಒಡೆದಾಗ ವಿಷವಾಯಿತು. ಕಾರಣ ಮೇಲ್ಮೈಯಲ್ಲಿದೆ. ಹರಳು ಒಡೆದಾಗ ಹೊಸ ಮೇಲ್ಮೈ ತೆರೆದುಕೊಳ್ಳುತ್ತದೆ. ಅಲ್ಲಿ ಸಿಲಿಕಾನ್‌ಗೆ ಅಂಟಿದ ಆಮ್ಲಜನಕ ಮತ್ತು ಜಲಜನಕದ ಗುಂಪುಗಳಿರುತ್ತವೆ. ಇವಕ್ಕೆ ಸಿಲನಾಲ್ ಎನ್ನುತ್ತಾರೆ. ಸಾಮಾನ್ಯವಾಗಿ ಇವು ಹತ್ತಿರ ಹತ್ತಿರ ಇದ್ದು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಒಡೆದ ಜಾಗದಲ್ಲಿ ಕೆಲವು ಹಾಗೆ ಹಿಡಿದುಕೊಳ್ಳಲಾಗದಷ್ಟು ದೂರದಲ್ಲಿ ಉಳಿದುಬಿಡುತ್ತವೆ. ಜೀವಕೋಶದ ಪೊರೆಯನ್ನು ಹರಿಯುವುದು ಇವೇ ಎಂದು ಅವರು 2020ರಲ್ಲಿ ತೋರಿಸಿದರು.

ಶ್ವಾಸಕೋಶದಲ್ಲಿ ಕಸ ನುಂಗಿ ಸ್ವಚ್ಛ ಮಾಡುವ ಕೋಶಗಳಿವೆ, ಮ್ಯಾಕ್ರೋಫೇಜ್ ಅಂತ. ಅವು ಈ ಕಣವನ್ನು ನುಂಗುತ್ತವೆ. ಒಳಗಿನ ಪೊರೆ ಹರಿದು ಕೋಶ ಸಾಯುತ್ತದೆ, ಕಣ ಮತ್ತೆ ಹೊರಗೆ ಬೀಳುತ್ತದೆ. ಇನ್ನೊಂದು ಕೋಶ ಬಂದು ಅದನ್ನೇ ನುಂಗುತ್ತದೆ. ಸಿಲಿಕಾ ಕರಗುವುದಿಲ್ಲ, ಹಾಗಾಗಿ ಇದು ನಿಲ್ಲುವುದೂ ಇಲ್ಲ. ಸುತ್ತಲಿನ ಜಾಗ ಉರಿಯೂತದಿಂದ ಗಾಯವಾಗಿ ಗಂಟು ಕಟ್ಟುತ್ತದೆ. ಸ್ಪೇನ್‌ನ ಕಾಡಿಜ್ ಪ್ರಾಂತ್ಯದಲ್ಲಿ ಇಂಥ 106 ಕೆಲಸಗಾರರನ್ನು ಕೆಲಸ ಬಿಟ್ಟ ಮೇಲೂ ಸುಮಾರು ನಾಲ್ಕು ವರ್ಷ ನೋಡಿದರು. ಶುರುವಿನಲ್ಲಿ ಶೇ. 6.6 ಜನರಲ್ಲಿದ್ದ ತೀವ್ರ ಹಂತದ ಕಾಯಿಲೆ ಕೊನೆಗೆ ಶೇ. 37.7 ಜನರಲ್ಲಿತ್ತು. ಧೂಳಿನಿಂದ ದೂರ ಬಂದರೂ ಕಾಯಿಲೆ ಬೆಳೆಯುತ್ತಲೇ ಇತ್ತು. ಅದಕ್ಕೇ ‘ಕೆಮ್ಮು ಬಂದ ಮೇಲೆ ನೋಡೋಣ’ ಎಂದು ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ.

ಈಗ ಮಾಸ್ಕ್ ವಿಷಯಕ್ಕೆ ಬರೋಣ. ಕಣ್ಣಿಗೆ ಕಾಣುವ ಧೂಳು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎದೆಯ ಆಳಕ್ಕೆ ಇಳಿಯುವುದು 10 ಮೈಕ್ರಾನ್‌ಗಿಂತ ಸಣ್ಣದು, ಅದರಲ್ಲೂ 4 ಮೈಕ್ರಾನ್‌ಗಿಂತ ಕೆಳಗಿನದ್ದು ಜಾಸ್ತಿ. ಎಷ್ಟು ಹೊತ್ತು ತೇಲುತ್ತದೆ ಎಂದು ಲೆಕ್ಕ ಹಾಕಬಹುದು. ಗಾಳಿ ಅಲುಗಾಡದ ಕೋಣೆಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ 10 ಮೈಕ್ರಾನ್‌ನ ಕಣ ನೆಲ ಮುಟ್ಟಲು ಸುಮಾರು ಮೂರು ನಿಮಿಷ ಬೇಕು. 1 ಮೈಕ್ರಾನ್‌ನ ಕಣಕ್ಕೆ ಐದು ಗಂಟೆ! ಫ್ಯಾನ್ ತಿರುಗುತ್ತಿದ್ದರೆ, ಜನ ಓಡಾಡುತ್ತಿದ್ದರೆ ಇನ್ನೂ ಹೆಚ್ಚು. ಕಟಿಂಗ್ ಮುಗಿಯಿತು, ಧೂಳು ಇಳಿಯಿತು ಎಂದು ಮಾಸ್ಕ್ ತೆಗೆದು ಅಲ್ಲೇ ಟೀ ಕುಡಿಯುತ್ತಾರಲ್ಲ, ಆಗಲೂ ಉಸಿರಾಡುತ್ತಿರುವುದು ಅದೇ ಧೂಳನ್ನು.

ಅಳೆಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೆಲಸಗಾರನ ಸೊಂಟಕ್ಕೆ ಒಂದು ಸಣ್ಣ ಪಂಪ್ ಕಟ್ಟುತ್ತೇವೆ. ಅದರ ಟ್ಯೂಬ್ ಬೆನ್ನ ಮೇಲಿಂದ ಬಂದು ಕಾಲರ್‌ಗೆ ಸಿಕ್ಕಿಸಿದ ಹೆಬ್ಬೆರಳ ಗಾತ್ರದ ಸೈಕ್ಲೋನ್‌ಗೆ ಸೇರುತ್ತದೆ. ಗಾಳಿ ಅದರೊಳಗೆ ಗಿರ್ರನೆ ಸುತ್ತುತ್ತದೆ. ದಪ್ಪ ಧೂಳು ಗೋಡೆಗೆ ಬಡಿದು ಕೆಳಗಿನ ಬುರುಡೆಗೆ ಬೀಳುತ್ತದೆ, ಸಣ್ಣದು ಮಾತ್ರ ಮೇಲಿನ ಫಿಲ್ಟರ್‌ಗೆ ಹೋಗುತ್ತದೆ. ಶಿಫ್ಟ್ ಮುಗಿದ ಮೇಲೆ ಬಿಚ್ಚಿದರೆ ಬುರುಡೆಯಲ್ಲಿ ಬಿಳಿ ಪುಡಿ ಕಾಣುತ್ತದೆ. ಫಿಲ್ಟರ್ ಎಷ್ಟೋ ಸಲ ಹೊಸದರಂತೆಯೇ ಇರುತ್ತದೆ. ‘ನೋಡಿ ಸಾರ್, ಏನೂ ಇಲ್ಲ’ ಎನ್ನುತ್ತಾರೆ. ತೂಕ ಮಾಡಿ, ಹರಳನ್ನು ಗುರುತಿಸುವ ಎಕ್ಸ್-ರೇ ಡಿಫ್ರಾಕ್ಷನ್‌ನಲ್ಲಿ ಸಿಲಿಕಾ ನೋಡಿದಾಗ ಮಿತಿ ದಾಟಿರುತ್ತದೆ. ಅಮೆರಿಕದ ಮಿತಿ 8 ಗಂಟೆಯ ಸರಾಸರಿಗೆ ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂ. ಒಂದು ಶಿಫ್ಟ್‌ನಲ್ಲಿ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುತ್ತೇವೆ ಅಂದುಕೊಳ್ಳಿ. ಇಡೀ ದಿನಕ್ಕೆ ಅರ್ಧ ಮಿಲಿಗ್ರಾಂ ಮೀರಬಾರದು. ಬೆರಳಿಗೆ ಅಂಟಿದರೂ ಗೊತ್ತಾಗದಷ್ಟು.

ನಮ್ಮ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಷೆಡ್ಯೂಲ್ ಒಂದು ಸೂತ್ರ ಕೊಟ್ಟಿತ್ತು: ಧೂಳಿನಲ್ಲಿರುವ ಕ್ವಾರ್ಟ್ಜ್‌ನ ಶೇಕಡಾವಾರಿಗೆ 2 ಕೂಡಿಸಿ, 10ನ್ನು ಅದರಿಂದ ಭಾಗಿಸಿ. ಶೇ. 90 ಕ್ವಾರ್ಟ್ಜ್ ಇದ್ದರೆ ಘನ ಮೀಟರ್‌ಗೆ 0.11 ಮಿಲಿಗ್ರಾಂ ಧೂಳು, ಅದರಲ್ಲಿ ಸಿಲಿಕಾ ಹತ್ತಿರ ಹತ್ತಿರ 100 ಮೈಕ್ರೋಗ್ರಾಂ. ಅಮೆರಿಕದ ಮಿತಿಯ ಎರಡು ಪಟ್ಟು. ನನ್ನ ಅಭಿಪ್ರಾಯದಲ್ಲಿ ಮಿತಿ ಇದಕ್ಕಿಂತ ಬಿಗಿಯಾಗಿರಲೇಬೇಕು.

ಒಣ ಕಟಿಂಗ್‌ನಲ್ಲಿ ಎಷ್ಟು ಏಳುತ್ತದೆ ಗೊತ್ತಾ? ಅಮೆರಿಕದ ಸಂಶೋಧಕರು ಕ್ವಾರ್ಟ್ಜ್ ಸ್ಲ್ಯಾಬ್ ಕಟ್ ಮಾಡುತ್ತಲೇ ಅಳೆದು 2015ರಲ್ಲಿ ಪ್ರಕಟಿಸಿದರು. ಒಣದಾಗಿ ಕಟ್ ಮಾಡಿದಾಗ ಘನ ಮೀಟರ್‌ಗೆ ಸುಮಾರು 44 ಮಿಲಿಗ್ರಾಂ. ಬ್ಲೇಡ್‌ಗೆ ನೀರು ಬಿಟ್ಟಾಗ ಸುಮಾರು 5. ನೀರಿನ ಜೊತೆ ಬ್ಲೇಡ್ ಹತ್ತಿರವೇ ಧೂಳು ಎಳೆಯುವ ಸಕ್ಷನ್ ಇಟ್ಟಾಗ 0.6. ಸರಿಯಾಗಿ ಕೂತ, ಎನ್-95 ಥರದ ಅರ್ಧ ಮುಖದ ಮಾಸ್ಕ್‌ನಿಂದ ಧೂಳು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. 44ರಲ್ಲಿ ಹತ್ತನೇ ಒಂದು ಅಂದರೆ 4.4 ಮಿಲಿಗ್ರಾಂ, ಅಂದರೆ 4,400 ಮೈಕ್ರೋಗ್ರಾಂ. ಮಿತಿ 50! ಆ ಮಿತಿ ಇಡೀ ದಿನದ ಸರಾಸರಿಗೆ, ನಿಜ. ಆದರೂ ಹತ್ತು ನಿಮಿಷ ಹೀಗೆ ಕಟ್ ಮಾಡಿದರೆ ಆ ದಿನದ ಲೆಕ್ಕ ಅಲ್ಲಿಗೇ ಮುಗಿದುಹೋಗುತ್ತದೆ, ಮಾಸ್ಕ್ ಇದ್ದರೂ. ಗಡ್ಡ ಇದ್ದರೆ, ಪಟ್ಟಿ ಸಡಿಲವಾಗಿದ್ದರೆ ಆ ಹತ್ತು ಪಟ್ಟೂ ಸಿಗುವುದಿಲ್ಲ. ಟವೆಲ್ ಕಟ್ಟಿಕೊಳ್ಳುವುದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಮಾಸ್ಕ್ ಬೇಡ ಅಂತಲ್ಲ, ಖಂಡಿತ ಬೇಕು. ನೀರು ಮತ್ತು ಸಕ್ಷನ್ ಆದ ಮೇಲೆ ಉಳಿಯುವ ಧೂಳಿಗೆ ಅದು ಬೇಕು.

ಅದಕ್ಕೇ ನಿಮ್ಮ ತಮ್ಮನಿಗೆ ಮೊದಲು ಕೇಳಿ: ಒಣ ಗ್ರೈಂಡರ್ ಯಾವಾಗ ಹಿಡಿಯುತ್ತಾರೆ? ಫ್ಯಾಕ್ಟರಿಯಲ್ಲಿ ದೊಡ್ಡ ಮಷಿನ್‌ಗೆ ನೀರು ಬಿಟ್ಟೇ ಇರುತ್ತಾರೆ. ತೊಂದರೆ ಬರುವುದು ಸೈಟ್‌ನಲ್ಲಿ. ಸಿಂಕ್ ಕಟೌಟ್ ನಾಲ್ಕು ಮಿಲಿಮೀಟರ್ ಕಡಿಮೆಯಾಯಿತು, ಗೋಡೆ ನೇರವಿಲ್ಲ, ನಲ್ಲಿಗೆ ತೂತು ಬೇಕು. ಅಪಾರ್ಟ್‌ಮೆಂಟಿನ ಮುಚ್ಚಿದ ಅಡುಗೆಮನೆಯಲ್ಲಿ ನಿಂತು ಹ್ಯಾಂಡ್ ಗ್ರೈಂಡರ್‌ನಲ್ಲಿ ಒಣದಾಗಿಯೇ ಉಜ್ಜುತ್ತಾರೆ. ಮನೆಯವರು ನೆಲ ಒದ್ದೆ ಮಾಡಬೇಡಿ ಎಂದಿರುತ್ತಾರೆ. ನಾನು ನೋಡಿದ ಮಟ್ಟಿಗೆ ಅತಿ ಕೆಟ್ಟ ಹೊತ್ತು ಇದೇ. ಅಳತೆ ಸರಿಯಾಗಿ ತೆಗೆದು ಕಟೌಟ್, ಎಡ್ಜ್ ಪಾಲಿಶ್ ಎಲ್ಲ ಫ್ಯಾಕ್ಟರಿಯಲ್ಲೇ ನೀರಿನಲ್ಲಿ ಮುಗಿಸಿಬಿಟ್ಟರೆ ಅರ್ಧ ಅಪಾಯ ಕಳೆಯುತ್ತದೆ. ಸೈಟ್‌ನಲ್ಲಿ ಮಾಡಲೇಬೇಕಾದರೆ ಗ್ರೈಂಡರ್‌ಗೆ ಧೂಳಿನ ಕವರ್ ಹಾಕಿ, ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಜೋಡಿಸಿ, ತೆರೆದ ಜಾಗದಲ್ಲಿ ಮಾಡಬೇಕು.

ನೀರು ಬಿಡುವಾಗ ಒಂದು ಎಚ್ಚರ. ಮಾಮೂಲಿ ಕರೆಂಟ್ ಗ್ರೈಂಡರ್‌ಗೆ ಬಾಟಲಿಯಿಂದ ನೀರು ಸುರಿಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಶಾಕ್ ಹೊಡೆದು ಪ್ರಾಣ ಹೋಗಬಹುದು. ನೀರಿಗೆಂದೇ ಮಾಡಿದ ಮಷಿನ್ ಅಥವಾ ಕಂಪ್ರೆಸರ್ ಗಾಳಿಯಲ್ಲಿ ಓಡುವ ಗ್ರೈಂಡರ್ ಬಳಸಬೇಕು. ಕರೆಂಟ್ ಮಷಿನ್ ಇದ್ದರೆ ಲೈನಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇರಲೇಬೇಕು, ಕರೆಂಟ್ ಸೋರಿದರೆ ಅದು ತಕ್ಷಣ ಲೈನ್ ಕಡಿಯುತ್ತದೆ. ಇನ್ನು ಆ ಕೆಸರು ನೀರು ಒಣಗಿದರೆ ಮತ್ತೆ ಅದೇ ಧೂಳು. ಒದ್ದೆ ಇರುವಾಗಲೇ ತೊಳೆಯಬೇಕು. ಒಣ ಪೊರಕೆ ಬೇಡ. ಮೈಮೇಲಿನ ಧೂಳಿಗೆ ಕಂಪ್ರೆಸರ್ ಗಾಳಿ ಹೊಡೆದುಕೊಳ್ಳುವುದಂತೂ ಬೇಡವೇ ಬೇಡ. ಬಟ್ಟೆ ಅಲ್ಲೇ ಬದಲಿಸಿ ಮನೆಗೆ ಬರಲಿ.

ಆಸ್ಟ್ರೇಲಿಯಾ ಬ್ಯಾನ್ ಮಾಡಿದ್ದು ನಿಜ. 2018ರಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯ ಎಚ್ಚರಿಕೆ ಕೊಟ್ಟು ಕೆಲಸಗಾರರ ತಪಾಸಣೆ ಶುರು ಮಾಡಿತು. ಕೇಸುಗಳು ಸಾಲುಸಾಲಾಗಿ ಬಂದವು. ಸಿಲಿಕಾ ಶೇ. 40ಕ್ಕಿಂತ ಕಡಿಮೆ ಇರುವ ಸ್ಲ್ಯಾಬಿಗಾದರೂ ಅವಕಾಶ ಕೊಡಿ ಎಂದು ಕಂಪನಿಗಳು ಕೇಳಿದವು. ಅದು ಸುರಕ್ಷಿತ ಎನ್ನಲು ಆಧಾರವಿಲ್ಲ ಎಂದು ಅಲ್ಲಿನ ಸುರಕ್ಷತಾ ಸಂಸ್ಥೆ ಹೇಳಿತು. 2023ರ ಡಿಸೆಂಬರ್‌ನಲ್ಲಿ ತೀರ್ಮಾನವಾಗಿ 2024ರ ಜುಲೈ 1ರಿಂದ ತಯಾರಿ, ಮಾರಾಟ, ಕಟಿಂಗ್, ಕೂರಿಸುವುದು ನಿಂತಿತು. ನನಗೆ ಇದು ಸರಿಯಾದ ನಿರ್ಧಾರ ಎನಿಸುತ್ತದೆ. ಅಡುಗೆಮನೆ ಕಟ್ಟೆಗೆ ಬೇರೆ ಕಲ್ಲು ಇಲ್ವಾ? ನಮ್ಮ ಚಾಮರಾಜನಗರದ ಕರಿ ಗ್ರಾನೈಟ್ ನಿಜವಾಗಿ ಡೋಲರೈಟ್ ಜಾತಿಯ ಕಲ್ಲು, ಅದರಲ್ಲಿ ಕ್ವಾರ್ಟ್ಜ್ ತುಂಬಾ ಕಡಿಮೆ. ಅದನ್ನೂ ನೀರು ಬಿಟ್ಟೇ ಕಟ್ ಮಾಡಬೇಕು, ಆದರೆ ಅಪಾಯ ಎಷ್ಟೋ ಪಾಲು ಇಳಿಯುತ್ತದೆ. ಮನೆ ಕಟ್ಟಿಸುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ. ಕ್ವಾರ್ಟ್ಜ್ ಆಗಲೇ ಹಾಕಿಸಿದ್ದರೆ ಹೆದರಬೇಡಿ. ಕೂರಿಸಿದ ಕಟ್ಟೆಯಿಂದ ಅಡುಗೆ ಮಾಡುವವರಿಗೆ ಏನೂ ಆಗುವುದಿಲ್ಲ.

ಕೊನೆಯದಾಗಿ ತಪಾಸಣೆ. ನಿಮ್ಮ ತಮ್ಮ ಕೆಲವು ವರ್ಷದಿಂದ ಈ ಕೆಲಸದಲ್ಲಿದ್ದರೆ, ಆರಾಮಾಗಿಯೇ ಇದ್ದರೂ ಶ್ವಾಸಕೋಶದ ಡಾಕ್ಟರಿಗೆ ತೋರಿಸಿ. ‘ಕ್ವಾರ್ಟ್ಜ್ ಕಲ್ಲು ಕಟ್ ಮಾಡುತ್ತೇನೆ, ಇಷ್ಟು ವರ್ಷದಿಂದ’ ಎಂದು ಅವರೇ ಬಾಯಿಬಿಟ್ಟು ಹೇಳಬೇಕು. ಶುರುವಿನ ಹಂತದಲ್ಲಿ ಮಾಮೂಲಿ ಎಕ್ಸ್-ರೇಯಲ್ಲಿ ಕಾಯಿಲೆ ಕಾಣದೇ ಇರಬಹುದು, ಊದುವ ಪರೀಕ್ಷೆಯೂ ಸರಿಯಾಗಿಯೇ ಬರಬಹುದು. ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ಬೇಕಾ ಎಂದು ಕೇಳಿ. ನಮ್ಮಲ್ಲಿ ಸಿಲಿಕೋಸಿಸ್ ಅನ್ನು ಟಿಬಿ ಎಂದುಕೊಳ್ಳುವುದು ಜಾಸ್ತಿ, ಸಿಲಿಕೋಸಿಸ್ ಇರುವವರಿಗೆ ಟಿಬಿ ಬೇಗ ಹತ್ತುವುದೂ ನಿಜ. ಹಾಗಾಗಿ ಎರಡನ್ನೂ ನೋಡಬೇಕು. ಬೀಡಿ ಸಿಗರೇಟು ಇದ್ದರೆ ಬಿಡಿಸಿ. ಇಎಸ್‌ಐ ಇದೆಯಾ, ಸಂಬಳದ ಚೀಟಿ, ಹಾಜರಿ ದಾಖಲೆ ಇದೆಯಾ ನೋಡಿಕೊಳ್ಳಿ. ಸಿಲಿಕೋಸಿಸ್ ಕಾನೂನಿನ ಪ್ರಕಾರ ಕೆಲಸದಿಂದ ಬರುವ ಕಾಯಿಲೆ, ಪರಿಹಾರ ಕೇಳುವ ಹಕ್ಕಿದೆ. ಆದರೆ ಎಲ್ಲಿ, ಎಷ್ಟು ವರ್ಷ ದುಡಿದರು ಎಂಬುದಕ್ಕೆ ಕಾಗದ ಬೇಕಾಗುತ್ತದೆ.

ಅವರು ಬಳಸುವ ಗ್ರೈಂಡರ್‌ನ ಬ್ಲೇಡ್ ಎಷ್ಟು ಇಂಚಿನದು, ಸೈಟ್‌ನಲ್ಲಿ ವ್ಯಾಕ್ಯೂಮ್ ಇದೆಯಾ ತಿಳಿಸಿ. ಅದಕ್ಕೆ ಯಾವ ಕವರ್ ಕೂರುತ್ತದೆ ಎಂದು ನೋಡಿ ಹೇಳುತ್ತೇನೆ.